ಕುಂಬಳಕಾಯಿಗೊಂದು ಏಲಂ, ಕಾಗದಕ್ಕೊಂದು ಏಲಂ

ಸುದ್ದಿ 2022ರ ಜನವರಿಯದ್ದು. ಆದರೆ ವಾಟ್ಸಾಪಿನಲ್ಲಿ ಸುದ್ದಿಗೆ ವಯಸ್ಸಾಗುವುದಿಲ್ಲವಲ್ಲ. ಶುಭೋದಯದ ಗುಲಾಬಿಗೂ ಇವತ್ತಿನ ಅಡಿಕೆ ಧಾರಣೆಗೂ ನಡುವೆ ಅದು ಮತ್ತೆ ಬಂದು ಕೂತಿದೆ: ಸ್ಪೈಡರ್‌ಮ್ಯಾನ್ ಇರುವ ಒಂದೇ ಒಂದು ಕಾಮಿಕ್ಸ್ ಪುಟ 33.6 ಲಕ್ಷ ಡಾಲರಿಗೆ ಏಲಂ, ಅಂದಿನ ಲೆಕ್ಕದಲ್ಲಿ ಸುಮಾರು 25 ಕೋಟಿ ರೂಪಾಯಿ. ಅದರ ಕೆಳಗೆ ಯಾರೋ ಪುಣ್ಯಾತ್ಮರು ಸೇರಿಸಿದ ಸಾಲು: ‘ನಿಮ್ಮ ಮನೆಯ ಅಟ್ಟದಲ್ಲೂ ಕೋಟಿ ಇರಬಹುದು, ಹುಡುಕಿ!’

ಹುಡುಕಿದರು. ನಮ್ಮ ಕಾಸರಗೋಡಿನಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ದೀಪಾವಳಿಗೂ ಗುಡಿಸದ ಅಟ್ಟಗಳೆಲ್ಲ ಗುಡಿಸಿ ಆದವು. ಸ್ವಚ್ಛತಾ ಅಭಿಯಾನಕ್ಕೆ ಆಗದ್ದನ್ನು ಒಂದು ಫಾರ್ವರ್ಡ್ ಮಾಡಿತು, ಶಹಬ್ಬಾಸ್ ಅನ್ನಲೇಬೇಕು. ಇಲಿಗಳು ಮನೆ ಬಿಟ್ಟವು, ಹಳೆ ಚಂದಮಾಮ, ಇಂದ್ರಜಾಲ ಕಾಮಿಕ್ಸಿನ ಕಟ್ಟುಗಳು ಕೆಳಗಿಳಿದವು. ಈಗ ಫೇಸ್‌ಬುಕ್ಕಿನಲ್ಲಿ ನೋಡಿ: ‘ಒರಿಜಿನಲ್ ಕಾಮಿಕ್ ಆರ್ಟ್, 1 ಲಕ್ಷ, ಚೌಕಾಸಿ ಇಲ್ಲ.’ ಜೊತೆಗೊಂದು ಫೋಟೋ. ಪುಸ್ತಕದಿಂದ ಹರಿದ ಹಾಳೆ, ಬದಿಯಲ್ಲಿ ಎಣ್ಣೆ ಕೈಯ ಗುರುತು, ಮೂಲೆಯಲ್ಲಿ ಯಾವುದೋ ಮಗು ಕಲಿತ ಕಾಗುಣಿತ.

ಮಾರಾಯ್ರೆ, ಅದು ಅಚ್ಚಾದ ಹಾಳೆ, ಅಚ್ಚಿಗೆ ಮೊದಲು ಕಲಾವಿದ ಕೈಯಲ್ಲೇ ಬರೆದ ಮೂಲಚಿತ್ರ ಅಲ್ಲ. ಇದರಲ್ಲಿ ವಾದ ಮಾಡಲಿಕ್ಕೆ ಏನೂ ಇಲ್ಲ. ವಾಚು ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ ಸಾಕು. ಬಣ್ಣ ಇರುವಲ್ಲಿ ಹಿಡಿಯಿರಿ. ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕಿಗಳು ರಂಗೋಲಿಗೆ ಇಟ್ಟ ಹಾಗೆ ಸಾಲಾಗಿ ಕೂತಿದ್ದರೆ ಅಚ್ಚಿನ ಯಂತ್ರದ್ದು. ಅಮೆರಿಕದ ಕಾಮಿಕ್ಸಿನ ಮೂಲಪುಟದಲ್ಲಿ ಸಾಮಾನ್ಯವಾಗಿ ಬಣ್ಣವೇ ಇರುವುದಿಲ್ಲ. ಬಣ್ಣದ ಕೆಲಸ ಬೇರೆ ಹಾಳೆಯಲ್ಲಿ, ಬೇರೆಯವರದ್ದು. ಮೂಲಪುಟ ಎಂದರೆ 11 ಅಂಗುಲ ಅಗಲ, 17 ಅಂಗುಲ ಉದ್ದದ, ಬ್ರಿಸ್ಟಲ್ ಎಂಬ ದಪ್ಪ ರಟ್ಟು. 1967ರ ಆಸುಪಾಸಿನವರೆಗೆ ಇನ್ನೂ ದೊಡ್ಡದು. ಬೆಳಕಿಗೆ ಓರೆಯಾಗಿ ಹಿಡಿದರೆ ಇಂಡಿಯನ್ ಇಂಕಿನ ಹೊಳಪು, ಒತ್ತಿ ಬರೆದ ಪೆನ್ಸಿಲಿನ ಗುಳಿ, ತಪ್ಪಿನ ಮೇಲೆ ಬಳಿದ ಬಿಳಿ, ಅಂಚಿನಲ್ಲಿ ಅಚ್ಚಿನ ಕ್ಯಾಮೆರಾಕ್ಕೆ ಕಾಣದ ತಿಳಿನೀಲಿ ಪೆನ್ಸಿಲಿನಲ್ಲಿ ಸಂಪಾದಕನ ಕಿರಿಕಿರಿ. ಮಾತಿನ ಗುಳ್ಳೆಗಳನ್ನು ಬೇರೆ ಕಾಗದದಲ್ಲಿ ಬರೆದು ರಬ್ಬರ್ ಸಿಮೆಂಟಿನಲ್ಲಿ ಅಂಟಿಸಿದ್ದರೆ ಅಂಟು ಒಣಗಿ ಕಾಗದ ಉದುರಿರುತ್ತದೆ, ಅದಿದ್ದ ಜಾಗದಲ್ಲಿ ಚಹಾ ಚೆಲ್ಲಿದಂಥ ಕಲೆ. ಈ ಗಲೀಜೆಲ್ಲ ಇದ್ದರೇ ಅದು ಮೂಲ. ತೀರಾ ಚೊಕ್ಕಟವಾಗಿದ್ದರೆ ಅನುಮಾನ ಪಡಬೇಕು.

ಇದನ್ನೆಲ್ಲ ವಿವರಿಸಿ ಹೇಳಿದರೆ ಬರುವ ಉತ್ತರ: ‘ನಮ್ಮದೂ ಒರಿಜಿನಲ್ಲೇ, ಜೆರಾಕ್ಸ್ ಅಲ್ಲ.’

ಇನ್ನು ಕೆಲವರು ಮುಂದಾಲೋಚನೆಯವರು. ಹಾಳಾಗದಿರಲಿ ಎಂದು ಮೊದಲು ಹೋದದ್ದೇ ಲ್ಯಾಮಿನೇಷನ್ ಅಂಗಡಿಗೆ. ನಮ್ಮವರಿಗೆ ಲ್ಯಾಮಿನೇಷನ್ ಎಂದರೆ ಮೋಕ್ಷ. ರೇಷನ್ ಕಾರ್ಡು, ಎಸ್‌ಎಸ್‌ಎಲ್‌ಸಿ ಪುಸ್ತಕ, ಅಜ್ಜನ ಫೋಟೋ, ಎಲ್ಲಕ್ಕೂ ಅದೇ ಸಂಸ್ಕಾರ. ನೂರು ಡಿಗ್ರಿ ದಾಟಿದ ಶಾಖದಲ್ಲಿ ಕರಗಿದ ಅಂಟು ಕಾಗದದ ನಾರಿನೊಳಗೆ ಇಳಿದರೆ ಮತ್ತೆ ಬ್ರಹ್ಮ ಬಂದರೂ ಬಿಡಿಸಲಿಕ್ಕಾಗುವುದಿಲ್ಲ. ಪುಟ ನಿಜವಾಗಿ ಮೂಲಚಿತ್ರವೇ ಆಗಿದ್ದರೂ ಅಲ್ಲಿಗೆ ಅದರ ಕಥೆ ಮುಗಿಯಿತು. ಫ್ರೇಮಿನವರು ಪ್ಲೈವುಡ್ಡಿಗೆ ಫೆವಿಕಾಲ್ ಬಳಿದು ಒತ್ತಿ ಕೂರಿಸುವುದೂ ಇದೇ ಜಾತಿಯ ಸೇವೆ. ಮಾಡಬೇಕಾದದ್ದು ಸಣ್ಣ ಕೆಲಸ: ಆಮ್ಲ ಇಲ್ಲದ ರಟ್ಟು ಹಿಂದೆ, ಗಾಜಿಗೂ ಚಿತ್ರಕ್ಕೂ ನಡುವೆ ನಾಲ್ಕೈದು ಮಿಲಿಮೀಟರ್ ಸಂದು, ಮೂಲೆಗಳಿಗೆ ಕಾಗದದ ಕೊಕ್ಕೆ, ಬಿಸಿಲು ಬೀಳದ ಗೋಡೆ. ಸೆಲ್ಲೋಟೇಪು ಮುಟ್ಟಿಸಲೇ ಬಾರದು.

ಏಲಂ ವಿಷಯದಲ್ಲಾದರೆ ನಮಗೆ ಆ ಪುಟ ಕೂಗಿದ ಅಮೆರಿಕದ ಡಲ್ಲಾಸಿನವರು ಕಲಿಸಬೇಕಾದ್ದು ಏನೂ ಇಲ್ಲ. ಜಾತ್ರೆ ಕಳೆದ ಮೇಲೆ ಉಳಿದ ಹೊರೆಕಾಣಿಕೆಯನ್ನು ಅಂಗಳದಲ್ಲಿಟ್ಟು ಕೂಗುವುದನ್ನು ನೋಡದವರು ಯಾರಿದ್ದಾರೆ? ಇಗರ್ಜಿಯ ಹಬ್ಬದಲ್ಲೂ ಅದೇ. ಕೂಗುವವನಿಗೆ ನಾಲ್ಕು ಭಾಷೆ ಬರಬೇಕು. ‘ಒಂದು ಸಲ, ಎರಡು ಸಲ’ ಎಂದು ಕನ್ನಡದಲ್ಲಿ ಹೇಳಿ, ತುಳುವಿನಲ್ಲಿ ಎದುರಿನವನ ಮಾನ ಕೆಣಕಿ, ‘ಮೂನ್ನು ತರಂ’ ಎಂದು ಮಲಯಾಳದಲ್ಲಿ ಮುಗಿಸುವಷ್ಟು ಹೊತ್ತಿಗೆ ಹಿಂದೆ ನಿಂತ ಒಬ್ಬರು ಕೊಂಕಣಿಯಲ್ಲಿ ಇನ್ನೂರು ಏರಿಸಿರುತ್ತಾರೆ. ಸಂತೆಯಲ್ಲಿ ನೂರು ರೂಪಾಯಿ ಬಾಳದ ಕುಂಬಳಕಾಯಿ ಸಾವಿರ ದಾಟುತ್ತದೆ. ಆದರೆ ಅಲ್ಲಿ ಯಾರಿಗೂ ಮೋಸವಿಲ್ಲ. ಕುಂಬಳಕಾಯಿಗೆ ಅಷ್ಟು ಬೆಲೆ ಇಲ್ಲವೆಂದು ಕೂಗುವವನಿಗೂ ಗೊತ್ತು, ಹಿಡಿದವನಿಗೂ ಗೊತ್ತು, ಕುಂಬಳಕಾಯಿಗೂ ಗೊತ್ತು. ಹಣ ದೇವರ ಕೆಲಸಕ್ಕೆ. ಮರುದಿನ ಮನೆಯಲ್ಲಿ ಅದರ ಸಾಂಬಾರು, ನಮ್ಮ ಕೊದ್ದೆಲ್. ‘ಹತ್ತು ವರ್ಷ ಇಟ್ಟರೆ ಮೂರು ಪಟ್ಟು ಆದೀತು’ ಎಂದು ಯಾರೂ ಅದನ್ನು ಬ್ಯಾಂಕ್ ಲಾಕರಿನಲ್ಲಿ ಇಡುವುದಿಲ್ಲ.

ಮುಖ್ಯವಾಗಿ, ಕುಂಬಳಕಾಯಿ ಹಿಡಿದವನಿಗೆ ಕೂಗಿದ ಬೆಲೆಯ ಮೇಲೆ ಇನ್ನೊಂದು ಚೀಟಿ ಬರುವುದಿಲ್ಲ. ಡಲ್ಲಾಸಿನಲ್ಲಿ ಬರುತ್ತದೆ. ಬೈಯರ್ಸ್ ಪ್ರೀಮಿಯಂ ಎಂದು ಅದರ ಹೆಸರು. ಆ 33.6 ಲಕ್ಷವನ್ನು ಬಿಡಿಸಿ ನೋಡಿ: ಕೂಗು ಶುರುವಾದದ್ದು 3.3 ಲಕ್ಷ ಡಾಲರಿನಿಂದ, ಸುತ್ತಿಗೆ ಬಿದ್ದದ್ದು 28 ಲಕ್ಷಕ್ಕೆ, ಅದರ ಮೇಲೆ ನೂರಕ್ಕೆ 20ರಂತೆ 5.6 ಲಕ್ಷ ಡಾಲರ್ ಏಲಂ ಮನೆಗೆ. ಕೊಳ್ಳುವವನಿಂದ ‘ಕೊಂಡದ್ದಕ್ಕೆ’ ಕಮಿಷನ್, ಸಾಧಾರಣ ಮಾರುವವನಾದರೆ ಅವನಿಂದ ‘ಮಾರಿದ್ದಕ್ಕೆ’ ಬೇರೆ. ನಮ್ಮ ಅಡಿಕೆ ದಲ್ಲಾಳಿಗಳು ಇಷ್ಟು ಕಾಲ ಎಷ್ಟು ಸಂಕೋಚದಿಂದ ಬದುಕಿದ್ದಾರೆ ಪಾಪ.

ಆ ಪುಟದಲ್ಲಿ ಇರುವುದೇನು ಎಂದು ಕೇಳಿದವರು ಕಡಿಮೆ. ಮಾರ್ವೆಲ್ಲಿನ ಸೀಕ್ರೆಟ್ ವಾರ್ಸ್ 8ನೇ ಸಂಚಿಕೆಯ 25ನೇ ಪುಟ, ಮೈಕ್ ಝೆಕ್ ಚಿತ್ರ ಬರೆದದ್ದು, 1984. ಸ್ಪೈಡರ್‌ಮ್ಯಾನಿಗೆ ಕಪ್ಪು ಅಂಗಿ ಸಿಕ್ಕಿದ್ದು ಹೇಗೆ ಎಂದು ಅದರಲ್ಲಿ ಹೇಳಿದೆ. ಅಂಗಿಯನ್ನು ಅವನು ಅದಕ್ಕಿಂತ ಮೊದಲೇ ಬೇರೆ ಪತ್ರಿಕೆಯಲ್ಲಿ ತೊಟ್ಟು ತಿರುಗಿ ಆಗಿತ್ತು. ಅಂದರೆ 25 ಕೋಟಿ ಹೋದದ್ದು ಅಂಗಿಗೆ ಅಲ್ಲ, ದರ್ಜಿಯ ರಸೀದಿಗೆ.

ಕೊಳ್ಳುವ ಹುಮ್ಮಸ್ಸು ಯಾರಿಗಾದರೂ ಬಂದಿದ್ದರೆ ಸಣ್ಣದೊಂದು ಲೆಕ್ಕ. ಭಾರತದಲ್ಲಿ ಒಬ್ಬ ಮನುಷ್ಯ ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ (ಎಲ್‌ಆರ್‌ಎಸ್) ವರ್ಷಕ್ಕೆ ಹೊರದೇಶಕ್ಕೆ ಕಳಿಸಬಹುದಾದ್ದು 2.5 ಲಕ್ಷ ಡಾಲರ್. ಕಲಾಕೃತಿ ಕೊಳ್ಳಲಿಕ್ಕೂ ಅದರಲ್ಲಿ ಅವಕಾಶ ಉಂಟು. ಆ ಲೆಕ್ಕದಲ್ಲಿ ಈ ಒಂದು ಪುಟದ ಹಣ ತೀರಿಸಲು ಹದಿನಾಲ್ಕು ವರ್ಷ. ಅಷ್ಟರಲ್ಲಿ ನೆಟ್ಟ ಅಡಿಕೆ ಸಸಿ ಫಲಕ್ಕೆ ಬಂದು, ಹಳದಿ ರೋಗ ಹಿಡಿದು, ಕಡಿದೂ ಆಗಿರುತ್ತದೆ.

ಪುಟ ಬೇಡ, ಡಿಸ್ನಿಯ ಸೆಲ್ ಕೊಳ್ಳುತ್ತೇನೆ ಎನ್ನುವ ಜಾಣರೂ ಇದ್ದಾರೆ. ಸೆಲ್ ಎಂದರೆ ಕಾರ್ಟೂನ್ ಸಿನೆಮಾಕ್ಕೆ ಚಿತ್ರ ಬರೆಯುತ್ತಿದ್ದ ಪಾರದರ್ಶಕ ಹಾಳೆ. ಗೆರೆ ಮುಂದೆ, ಬಣ್ಣ ಹಿಂದೆ. ಸೆಕೆಂಡಿಗೆ 24 ಚೌಕಟ್ಟು. ಒಂದೊಂದು ಚಿತ್ರವನ್ನು ಎರಡೆರಡು ಸಲ ತೆಗೆದರೂ ನಿಮಿಷಕ್ಕೆ 720 ಚಿತ್ರ. ಕೆಲಸ ಮುಗಿದ ಮೇಲೆ ಡಿಸ್ನಿಯವರೇ ಎಷ್ಟೋ ಹಾಳೆಗಳ ಬಣ್ಣ ತೊಳೆದು ಮತ್ತೆ ಬಳಸುತ್ತಿದ್ದರು, ಮದುವೆಮನೆಯ ಸ್ಟೀಲ್ ಲೋಟದ ಹಾಗೆ. 1938ರಲ್ಲಿ ಸ್ನೋ ವೈಟ್‌ನ ಸೆಲ್‌ಗಳನ್ನು ಸ್ಯಾನ್‌ಫ್ರಾನ್ಸಿಸ್ಕೋದ ಕೂರ್ವಾಸಿಯೆ ಗ್ಯಾಲರಿ ಮಾರಲು ತೊಡಗಿದ ಮೇಲೆ ತೊಳೆಯುವವರ ಕೈ ನಡುಗಿರಬೇಕು. 1989ರ ಲಿಟಲ್ ಮರ್ಮೇಡ್ ಡಿಸ್ನಿಯವರು ಸೆಲ್‌ನಲ್ಲಿ ಮಾಡಿದ ಕೊನೆಯ ದೊಡ್ಡ ಚಿತ್ರ. ಮುಂದಿನ ವರ್ಷದಿಂದ ಬಣ್ಣ ಹಚ್ಚುವುದು ಕಂಪ್ಯೂಟರಿಗೆ ಹೋಯಿತು. ಹಾಗಾಗಿ ಅದಕ್ಕಿಂತ ಈಚಿನ ಡಿಸ್ನಿ ಸಿನೆಮಾದ ‘ಸೆಲ್’ ಎಂದು ಯಾರಾದರೂ ತೋರಿಸಿದರೆ ಅದು ಬಹುಮಟ್ಟಿಗೆ ಮಾರಲಿಕ್ಕೆಂದೇ ಮಾಡಿದ್ದು, ಹೆಚ್ಚಿನ ಸಲ ಲಗ್ನಪತ್ರಿಕೆಯಂತೆ ಸ್ಕ್ರೀನ್ ಪ್ರಿಂಟ್ ಹೊಡೆದದ್ದು. ಕ್ಯಾಮೆರಾದ ಕೆಳಗೆ ಹೋಗಿ ಬಂದ ಸೆಲ್‌ಗೆ ಅಂಚಿನಲ್ಲಿ ಗೂಟಕ್ಕೆ ಸಿಕ್ಕಿಸುವ ತೂತುಗಳು, ಮೂಲೆಯಲ್ಲಿ ಕೈಯಲ್ಲಿ ಬರೆದ ಕ್ರಮಸಂಖ್ಯೆ ಇರುತ್ತವೆ. ಅವು ಕತ್ತರಿಸಿ ಹೋಗಿದ್ದರೆ ಯಾಕೆ ಹೋದವು ಎಂದು ಕೇಳಬೇಕು.

ಕೊಂಡು ಕಾಸರಗೋಡಿಗೆ ತಂದಿರಿ ಎಂದಿಟ್ಟುಕೊಳ್ಳೋಣ. ಮಳೆ ಸುರಿಯುವ ಆಟಿ ತಿಂಗಳೇ ಅದರ ಶತ್ರು. ಸೆಲ್‌ನ ಅಸಿಟೇಟ್ ಪ್ಲಾಸ್ಟಿಕ್ಕಿಗೆ ಸೆಕೆ, ತೇವ ಎರಡೂ ಆಗದು. ತನ್ನೊಳಗೇ ಆಮ್ಲ ಬಿಟ್ಟುಕೊಂಡು ವಿನೆಗರ್ ವಾಸನೆ ಹೊಡೆಯುತ್ತದೆ, ಒಣ ಹಪ್ಪಳದಂತೆ ಸುರುಟುತ್ತದೆ, ಬಣ್ಣ ಬಿರಿದು ಚಕ್ಕೆ ಏಳುತ್ತದೆ. ಒಂದು ಸೆಲ್ ವಾಸನೆ ಬಂದರೆ ಅದೇ ಪೆಟ್ಟಿಗೆಯ ಉಳಿದವೂ ಹಿಂದೆಯೇ ಹೊರಟವು ಎಂದು ಲೆಕ್ಕ. ಹಿಂದಿನ ಹಾಳೆಗೆ ಅಂಟಿಕೊಂಡಿದ್ದರೆ ಎಳೆಯಬೇಡಿ. ಮಿಕ್ಕಿ ಇಲಿಯ ಮೂತಿ ಹಿಂದಿನ ಹಾಳೆಯಲ್ಲೇ ಉಳಿಯುತ್ತದೆ.

ಇನ್ನು ಓದಲಿಕ್ಕಾಗದ ಪುಸ್ತಕದ ವ್ಯಾಪಾರ. ಮೂಲಚಿತ್ರ ಅಲ್ಲ, ಅಚ್ಚಾದ ಹಳೆ ಕಾಮಿಕ್ಸಿನದ್ದೇ. ಸಿಜಿಸಿ ಎಂಬ ಸಂಸ್ಥೆಗೆ ಕಳಿಸಿದರೆ ಹತ್ತರಲ್ಲಿ ಇಷ್ಟು ಎಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕಳಿಸುತ್ತಾರೆ. ತೆರೆದು ಓದಿದರೆ ಅಂಕ ಹೋಯಿತು. 9.8ಕ್ಕೂ 9.6ಕ್ಕೂ ಇರುವ ವ್ಯತ್ಯಾಸ ಬೆನ್ನಿನ ಮೇಲಿನ ಒಂದು ಕೂದಲೆಳೆಯ ಗೆರೆ. ಬೆಲೆಯಲ್ಲಿ ಕೆಲವೊಮ್ಮೆ ಅರ್ಧಕ್ಕರ್ಧ. 1938ರಲ್ಲಿ ಹತ್ತು ಸೆಂಟಿಗೆ ಮಾರಿದ ಸೂಪರ್‌ಮ್ಯಾನ್ ಮೊದಲ ಸಲ ಕಾಣಿಸಿಕೊಂಡ ಸಂಚಿಕೆಯ ಒಂದು ಪ್ರತಿ 8.5 ಅಂಕ ಪಡೆದು 2024ರಲ್ಲಿ 60 ಲಕ್ಷ ಡಾಲರಿಗೆ ಹೋಯಿತು. ನಮ್ಮ ಪೇಟೆಯ ಅಡಿಕೆ ವ್ಯಾಪಾರಿ ಗೋಣಿಯೊಳಗೆ ಕೈ ಹಾಕಿ, ಒಂದು ಹಿಡಿ ಮೇಲೆ ಹಾರಿಸಿ, ಸದ್ದಿನಲ್ಲೇ ಹೊಸತು, ಡಬಲ್ ಚೋಲ್, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಬೇರೆ ಮಾಡುತ್ತಾನೆ. ಡಬ್ಬಿ ಇಲ್ಲ, ಅಂಕ ಇಲ್ಲ, ಬರುವ ಸಂಕಟವೆಲ್ಲ ನಮಗೆ. ಅವನನ್ನು ಅಮೆರಿಕಕ್ಕೆ ಕಳಿಸಬೇಕಿತ್ತು.

ತಮಾಷೆ ಅಲ್ಲಿಯವರೆಗೆ. ಟಿನ್‌ಟಿನ್ ಎಂಬ ಹುಡುಗ ಪತ್ರಕರ್ತನ ‘ಬ್ಲೂ ಲೋಟಸ್’ ಕಾಮಿಕ್ಸ್ ಪುಸ್ತಕಕ್ಕೆ ಅದರ ಬೆಲ್ಜಿಯಂ ಕಲಾವಿದ ಎರ್ಜೆ 1936ರಲ್ಲಿ ಒಂದು ಮುಖಪುಟ ಬರೆದ. ಬಣ್ಣದಲ್ಲಿ ಅಚ್ಚು ಹಾಕಲು ಖರ್ಚು ಜಾಸ್ತಿ ಎಂದು ಪ್ರಕಾಶಕರು ಬೇಡ ಅಂದರು. ಚಿತ್ರ ಪ್ರಕಾಶಕರ ಮನೆಯ ಏಳು ವರ್ಷದ ಹುಡುಗನ ಕೈಗೆ ಬಂದು, ಮಡಚಿದ ಸ್ಥಿತಿಯಲ್ಲಿ ದಶಕಗಟ್ಟಲೆ ಮೇಜಿನ ಡ್ರಾಯರಿನಲ್ಲಿ ಮಲಗಿತ್ತು ಎಂಬುದು ಏಲಂ ಮನೆಯ ಕಥೆ. ಮಡಚಿದ್ದು ಹುಡುಗನೋ ಅಂಚೆಯೋ ಎಂದು ತಿಳಿದವರಲ್ಲಿ ಜಗಳ ಬೇರೆ. 2021ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ಅದಕ್ಕೆ ಸುಮಾರು 32 ಲಕ್ಷ ಯೂರೋ ಬಂತು, ಮಡಿಕೆಯ ಗೆರೆಗಳ ಸಮೇತ. ದುಬಾರಿ ಎಂದು ತಿರಸ್ಕರಿಸಿದ ಮನೆಯ ಡ್ರಾಯರಿಗೇ ಹಣ.

ಇದು ಅನ್ಯಾಯ ಎಂದು ಎತ್ತಿ ತೋರಿಸಿದವರಲ್ಲಿ ಒಬ್ಬ ವ್ಯಂಗ್ಯಚಿತ್ರಕಾರನೂ ಇದ್ದ. ಝಾನ್ ಲೂಯಿ ಫೊರೆನ್ ಎಂಬ ಫ್ರೆಂಚ್ ಕಲಾವಿದ ಬರೆದ ಚಿತ್ರ: ಒಳಗೆ ಏಲಂ ನಡೆಯುತ್ತಿದೆ, ಹೊರಗೆ ಹರಕು ಬಟ್ಟೆಯ ಇಬ್ಬರು ಮಕ್ಕಳು, ‘ನೋಡು, ಅಪ್ಪನ ಚಿತ್ರ!’ ಇಂಥ ಕೂಗಿನ ಬಲದಲ್ಲಿ 1920ರಲ್ಲಿ ಫ್ರಾನ್ಸ್ ಕಾನೂನು ಮಾಡಿತು: ಮರುಮಾರಾಟವಾದಾಗಲೆಲ್ಲ ಕಲಾವಿದನಿಗೋ ಅವನ ವಾರಸುದಾರರಿಗೋ ಒಂದು ಪಾಲು. ಇವತ್ತು ಯುರೋಪಿನಲ್ಲಿ ಮೊದಲ 50 ಸಾವಿರ ಯೂರೋಗೆ ನೂರಕ್ಕೆ 4, ಮೇಲೆ ಹೋದಂತೆ ಕಡಿಮೆ, ಎಷ್ಟೇ ಕೋಟಿಗೆ ಹೋದರೂ ಒಟ್ಟು 12,500 ಯೂರೋ ದಾಟುವ ಹಾಗಿಲ್ಲ. ಅಮೆರಿಕದಲ್ಲಿ ಅದೂ ಇಲ್ಲ. ಅಲ್ಲಿ ಮಾರ್ವೆಲ್ಲಿನ ಎಷ್ಟೋ ನಾಯಕರಿಗೆ ರೂಪ ಕೊಟ್ಟ ಜ್ಯಾಕ್ ಕರ್ಬಿಯಂಥವನೇ ತಾನು ಬರೆದ ಪುಟಗಳನ್ನು ವಾಪಸು ಕೊಡಿ ಎಂದು 1980ರ ದಶಕದಲ್ಲಿ ಮಾರ್ವೆಲ್ ಬಾಗಿಲಲ್ಲಿ ನಿಲ್ಲಬೇಕಾಯಿತು. ಸಾವಿರಾರು ಪುಟ ಬರೆದವನಿಗೆ ಅವರು ಮೊದಲು ಕೊಡುತ್ತೇವೆ ಅಂದದ್ದು 88. ಕಡೆಗೆ ಕೊಟ್ಟದ್ದು ಎರಡು ಸಾವಿರದ ಆಸುಪಾಸು.

ನಮ್ಮಲ್ಲಿ ಕಾನೂನಿಗೆ ಕೊರತೆ ಇಲ್ಲ. ಕೃತಿಸ್ವಾಮ್ಯ ಕಾಯಿದೆಯ 53ಎ ಕಲಂ, 1994ರ ತಿದ್ದುಪಡಿಯಲ್ಲಿ ಬಂದದ್ದು. ಚಿತ್ರ ಮರುಮಾರಾಟದಲ್ಲಿ 10 ಸಾವಿರ ರೂಪಾಯಿ ದಾಟಿದರೆ ಬರೆದವನಿಗೆ ನೂರಕ್ಕೆ 10ರವರೆಗೆ ಪಾಲು. ಯುರೋಪಿಗಿಂತ ಧಾರಾಳ, ಚಪ್ಪಾಳೆ ತಟ್ಟಿ. ಪಾಲು ಎಷ್ಟೆಂದು ನಿಗದಿ ಮಾಡಬೇಕಾದ್ದು ಕೃತಿಸ್ವಾಮ್ಯ ಮಂಡಳಿ. ಮಂಡಳಿ ಇನ್ನೊಂದು ಮಂಡಳಿಯೊಳಗೆ ಲೀನವಾಯಿತು, ಆ ಮಂಡಳಿಯನ್ನು 2021ರಲ್ಲಿ ರದ್ದು ಮಾಡಿದರು, ಈಗ ವಾಣಿಜ್ಯ ನ್ಯಾಯಾಲಯಕ್ಕೆ ಹೋಗಬೇಕು. ಅದಕ್ಕೂ ಮೊದಲು, ಬರೆದವನೇ ಹಕ್ಕಿನ ಮೊದಲ ಒಡೆಯ ಆಗಿರಬೇಕು. ನೌಕರಿಯಲ್ಲಿದ್ದು ಬರೆದದ್ದಾದರೆ ಸಾಮಾನ್ಯವಾಗಿ ಸಂಬಳ ಕೊಟ್ಟ ಯಜಮಾನನೇ ಒಡೆಯ. ಪತ್ರಿಕೆಯ ನೌಕರಿಗೆ ಮಾತ್ರ ಬೇರೆ ನಿಯಮ, ಪ್ರಕಟಣೆಯ ಮಟ್ಟಿಗೆ ಪತ್ರಿಕೆ, ಉಳಿದದ್ದಕ್ಕೆ ಬರೆದವ. ವಕೀಲರ ಫೀಸಿಗೇ ಮೂರು ಚಿತ್ರ ಮಾರಬೇಕು.

ವಿಕ್ರಮನ ಹೆಗಲ ಮೇಲಿನ ಬೇತಾಳವನ್ನು ನಮ್ಮ ಕಣ್ಣಿಗೆ ಕಟ್ಟಿಕೊಟ್ಟ ಶಂಕರ್ 1952ರಲ್ಲಿ ಚಂದಮಾಮ ಸೇರಿದವರು, ದಶಕಗಟ್ಟಲೆ ಬರೆದರು, 2020ರಲ್ಲಿ ತೀರಿಕೊಂಡರು. ಪದ್ಮಶ್ರೀ ಬಂದದ್ದು 2021ರಲ್ಲಿ. ಬೇತಾಳ ಮರಕ್ಕೆ ಹಾರಿದ ಮೇಲೆ ಶಾಲು ತಂದ ಹಾಗೆ. ಊರ ಕಡೆಯ ಚಿತ್ರಗಾರರ ಮಾತಂತೂ ಕೇಳುವುದೇ ಬೇಡ. ಬ್ರಹ್ಮಕಲಶದ ಸ್ಮರಣ ಸಂಚಿಕೆಗೆ, ಶಾಲೆಯ ವಾರ್ಷಿಕಾಂಕಕ್ಕೆ, ಯಕ್ಷಗಾನದ ಕರಪತ್ರಕ್ಕೆ ಬರೆಸಿಕೊಂಡದ್ದು ಎಷ್ಟು! ಅಚ್ಚಿನ ಬ್ಲಾಕ್ ಮಾಡಿಸಲು ಮಂಗಳೂರಿಗೆ ಹೋದ ಚಿತ್ರ ತಿರುಗಿ ಬಂದದ್ದಿಲ್ಲ, ಕೇಳಿದವರೂ ಇಲ್ಲ. ‘ಸಣ್ಣದೊಂದು ಚಿತ್ರ ಅಲ್ಲವಾ ಮಾಸ್ಟ್ರೇ, ನಿಮಗೆ ಹತ್ತು ನಿಮಿಷದ ಕೆಲಸ.’ ಸಂಭಾವನೆ ಎಂದರೆ ಶಾಲು, ಹಾರ, ಎರಡು ಮೂಸಂಬಿ. ಅದೇ ಜನ ಈಗ ಅಟ್ಟದ ಮೇಲೆ ಟಾರ್ಚ್ ಹಿಡಿದುಕೊಂಡು ಕೂತಿದ್ದಾರೆ. ಬೇಸರ ಬರುತ್ತದೆ, ಅಷ್ಟೇ.

ಟಾರ್ಚ್ ಹಿಡಿದವರು ಒಂದು ಕೆಲಸ ಮಾಡಿ. ಚಂದಮಾಮದ ಕಟ್ಟಿನ ಅಡಿಯಲ್ಲಿ ಕೈಯಲ್ಲೇ ಬರೆದ ಹಾಳೆ ಏನಾದರೂ ಸಿಕ್ಕಿದರೆ, ದಪ್ಪ ಕಾಗದ, ಇಂಕಿನ ಹೊಳಪು, ಬಿಳಿ ಬಳಿದ ಗುರುತು ಇದ್ದರೆ, ತಿರುಗಿಸಿ ಹಿಂದೆ ನೋಡಿ. ಹೆಸರಿದ್ದರೆ ಆ ಮಾಸ್ಟ್ರು ಈಗ ಎಲ್ಲಿದ್ದಾರೆ ಎಂದು ಪೆರ್ಲದಲ್ಲೋ ಬದಿಯಡ್ಕದಲ್ಲೋ ಯಾರಾದರೂ ಹೇಳಿಯಾರು. ಕೊಂಡುಹೋಗಿ ಕೊಡಿ. ಹೋಗುವ ದಾರಿಯಲ್ಲಿ ಲ್ಯಾಮಿನೇಷನ್ ಅಂಗಡಿ ಸಿಗುತ್ತದೆ, ನಿಲ್ಲಬೇಡಿ.