ಹದಿನೆಂಟು ದಿನದ ಅಕ್ಕಿ

ಮೇ 4, ಅಂದರೆ 1799ರಲ್ಲಿ ಶ್ರೀರಂಗಪಟ್ಟಣ ಇಂಗ್ಲಿಷರಿಗೆ ಬಿದ್ದು ಟಿಪ್ಪು ಸುಲ್ತಾನ್ ಸತ್ತ ದಿನ, ಬಂತೆಂದರೆ ಫೇಸ್‌ಬುಕ್ ತುಂಬ ಮೀರ್ ಸಾದಿಕ್, ದ್ರೋಹ ಬಗೆದನೆಂಬ ಆಪಾದನೆ ಹೊತ್ತ ಟಿಪ್ಪುವಿನ ಮಂತ್ರಿ. ಒಬ್ಬರು ಅವನಿಗೆ ಶಾಪ ಹಾಕುತ್ತಾರೆ, ಇನ್ನೊಬ್ಬರು ಟಿಪ್ಪುವಿಗೆ ಆಗಬೇಕಾದ್ದೇ ಆಯಿತು ಎನ್ನುತ್ತಾರೆ, ಸಂಜೆಯೊಳಗೆ ಇಬ್ಬರೂ ಒಬ್ಬರನ್ನೊಬ್ಬರು ಬ್ಲಾಕ್ ಮಾಡಿಕೊಂಡಿರುತ್ತಾರೆ. ಆ ಜಗಳಕ್ಕೆ ನನ್ನನ್ನು ಎಳೆಯಬೇಡಿ. ನನ್ನ ತಕರಾರು ಬೇರೆ. ಶ್ರೀರಂಗಪಟ್ಟಣ ಬಿದ್ದ ಕಥೆಯನ್ನು ನಾವೆಲ್ಲ ಕೊನೆಯ ಮಧ್ಯಾಹ್ನದಿಂದ ಶುರು ಮಾಡುತ್ತೇವೆ. ನನ್ನ ಪ್ರಕಾರ ಪಟ್ಟಣ ಕೈಬಿಟ್ಟದ್ದು ಅದಕ್ಕೂ ಐದು ವಾರ ಮೊದಲು, ಕಾವೇರಿ ದಡದ ಸೋಸಲೆಯಲ್ಲಿ.

ಮೊದಲು 1791ಕ್ಕೆ ಹೋಗೋಣ. ಮೇ 15ರಂದು ಶ್ರೀರಂಗಪಟ್ಟಣದ ಹತ್ತಿರದ ಅರಕೆರೆಯ ಬಳಿ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಟಿಪ್ಪುವಿನ ಸೈನ್ಯವನ್ನು ಸೋಲಿಸಿದ. ಗೆದ್ದವನು ಆಮೇಲೆ ಮಾಡಿದ್ದೇನು? ಕೋಟೆ ಒಡೆಯಲೆಂದು ಅಷ್ಟು ದೂರ ಎಳೆದು ತಂದಿದ್ದ ದೊಡ್ಡ ತೋಪುಗಳನ್ನು ತಾನೇ ಸಿಡಿಸಿ ಹಾಳುಮಾಡಿ, ಬಂದ ದಾರಿ ಹಿಡಿದ. ತೋಪು ಎಳೆಯಲು ಎತ್ತುಗಳೇ ಉಳಿದಿರಲಿಲ್ಲ. ಮೇವಿಲ್ಲದೆ, ರೋಗ ಬಡಿದು ಸತ್ತುಬಿದ್ದಿದ್ದವು, ಮೇಲಿಂದ ಮಳೆ ಬೇರೆ. ಮರುವರ್ಷ ಸಿದ್ಧತೆ ಮಾಡಿಕೊಂಡು ಬಂದು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಬರೆಸಿಕೊಂಡು, ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ಕರೆದೊಯ್ದ, ಅದು ಸರಿ. ಆದರೆ ಮೊದಲ ಸಲ ಪಟ್ಟಣವನ್ನು ಉಳಿಸಿದ್ದು ಎತ್ತಿನ ಹೊಟ್ಟೆ.

ಟಿಪ್ಪುವಿಗೆ ಇದು ತಿಳಿಯದ್ದೇನಲ್ಲ. 1799ರಲ್ಲಿ ವೆಲ್ಲೂರಿನಿಂದ ಹೊರಟ ಇಂಗ್ಲಿಷರ ಜನರಲ್ ಹ್ಯಾರಿಸ್‌ನ ಸೈನ್ಯ ಆಮೆಯಂತೆ ತೆವಳುತ್ತಿತ್ತು. ತೋಪಿನ ಎತ್ತು, ಗಾಡಿಯ ಎತ್ತು, ಲಂಬಾಣಿಗರ ಹೇರೆತ್ತು, ಎಲ್ಲಕ್ಕೂ ದಿನಾ ಮೇವು ಬೇಕು. ಮೈಸೂರಿನ ಕುದುರೆ ಸವಾರರು ಮುಂದೆ ಮುಂದೆ ಹೋಗಿ ಹುಲ್ಲು, ಬಣವೆ, ಸಿಕ್ಕಿದ್ದಕ್ಕೆಲ್ಲ ಬೆಂಕಿ ಇಡುತ್ತಿದ್ದರು. ಎತ್ತುಗಳು ದಾರಿಯುದ್ದಕ್ಕೂ ಉರುಳಿದವು. ಲೆಕ್ಕ ಸರಿಯಾಗಿಯೇ ನಡೆದಿತ್ತು.

ತಪ್ಪಿದ್ದು ಮಳವಳ್ಳಿಯ ನಂತರ. ಮಾರ್ಚ್ 27ರ ಆ ಕಾಳಗದಲ್ಲಿ ಸೋತರೂ, ವೈರಿ ಹಳೆಯ ಅರಕೆರೆ ದಾರಿಯಲ್ಲೇ ಬರುತ್ತಾನೆಂದು ಟಿಪ್ಪು ನಂಬಿದ್ದ. ಆ ದಾರಿಯನ್ನು ಸುಟ್ಟು ಕಾದ. ಹ್ಯಾರಿಸ್ ದಕ್ಷಿಣಕ್ಕೆ ತಿರುಗಿ ಸೋಸಲೆಯ ಬಳಿ ಕಾವೇರಿಯನ್ನು ದಾಟಿಬಿಟ್ಟ. ಅಲ್ಲಿ ಸುಡದ ಮೇವಿತ್ತು, ಆಶ್ರಯಕ್ಕೆ ಸೇರಿದ್ದ ಹಳ್ಳಿಗರ ದನಗಳಿದ್ದವು. ಸಾಯುತ್ತಿದ್ದ ಸೈನ್ಯ ಎದ್ದು ಕುಳಿತಿತು. ಏಪ್ರಿಲ್ 5ರಂದು ಪಟ್ಟಣದ ಪಶ್ಚಿಮಕ್ಕೆ ಬಂದು ಪಾಳಯ ಹೂಡಿತು.

ಹಾಗಿದ್ದೂ ಎಷ್ಟು ಕೂದಲೆಳೆಯಲ್ಲಿತ್ತು ನೋಡಿ. ಏಪ್ರಿಲ್ 16ರಂದು ಹ್ಯಾರಿಸ್ ಅಕ್ಕಿ ಮೂಟೆಗಳನ್ನು ಅಳೆಸಿದ. ಸೋರಿದ್ದೆಷ್ಟೋ, ಕದ್ದದ್ದೆಷ್ಟೋ, ಲೆಕ್ಕದ ಪುಸ್ತಕದಲ್ಲಿದ್ದ ಅಕ್ಕಿ ಮೂಟೆಯಲ್ಲಿರಲಿಲ್ಲ. ಹೋರಾಡುವ ಸಿಪಾಯಿಗಳಿಗೆ ಮಾತ್ರ, ಅದೂ ಅರ್ಧ ಪಡಿಯಂತೆ ಕೊಟ್ಟರೆ ಹದಿನೆಂಟು ದಿನ. ಅವನ ಡೇರೆಯ ಮುಂದಿನ ಕಾವಲುಗಾರ ಹಸಿವಿನಿಂದ ಎಷ್ಟು ನಿತ್ರಾಣನಾಗಿದ್ದನೆಂದರೆ ಯಾರಾದರೂ ತಳ್ಳಿದರೆ ಬಿದ್ದುಬಿಡುತ್ತಾನೆ ಎಂದು ಹ್ಯಾರಿಸ್ಸನೇ ಹೇಳಿದನಂತೆ. ಈಗ ಏಪ್ರಿಲ್ 16ಕ್ಕೆ ಹದಿನೆಂಟು ಕೂಡಿಸಿ. ಮೇ 4.

ಮೊದಲ ಬಾರಿ ಈ ಕೂಡುವಿಕೆ ಮಾಡಿದಾಗ ನಾನು ಬೆರಳೆಣಿಸಿ ಮತ್ತೊಮ್ಮೆ ನೋಡಿದ್ದೆ.

ಗೋಡೆ ಒಡೆದ ಕಂಡಿಯ ಎದುರು ನಿಂತವರಿಗೆ ಗೊತ್ತು, ಅಲ್ಲಿ ಹೊಳೆಯೆಂದರೆ ಬಂಡೆಗಳ ಹಾಸು. ನಾನು ಹೋದದ್ದು ಒಂದು ಏಪ್ರಿಲ್ ತಿಂಗಳಲ್ಲಿ. ಬಂಡೆ ಪಾಚಿ ಕಟ್ಟಿತ್ತು, ನಡುವೆ ಮೊಣಕಾಲುದ್ದ ನೀರು. (ಈಗಿನ ನೀರು ಕನ್ನಂಬಾಡಿ ಕಟ್ಟೆ ಬಿಟ್ಟಷ್ಟು, ಅದನ್ನು ಅಂದಿನ ಹೊಳೆಗೆ ಹೋಲಿಸಲಾಗದು.) ಅಂದು ಮಧ್ಯಾಹ್ನ ಒಂದರ ಸುಮಾರಿಗೆ ಇಂಗ್ಲಿಷ್ ಸೇನಾನಿ ಡೇವಿಡ್ ಬೇರ್ಡ್ ಕತ್ತಿ ಎತ್ತಿ ಲಗ್ಗೆ ಹಾಕಿದಾಗಲೂ ಕೆಲವೆಡೆ ಮೊಣಕಾಲು, ಕೆಲವೆಡೆ ಸೊಂಟ. ಈ ಬೇರ್ಡ್ ಹಿಂದೆ ಇದೇ ಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಸೆರೆಯಲ್ಲಿದ್ದವನು. ಕೆಲವೇ ನಿಮಿಷಗಳಲ್ಲಿ ಕಂಡಿಯ ಮೇಲೆ ಬಾವುಟ ಏರಿತು. ಊಟಕ್ಕೆ ಕುಳಿತಿದ್ದ ಟಿಪ್ಪು ಎದ್ದು ಓಡಿದ, ಕಾದಾಡಿ ಬಾಗಿಲ ಬಳಿ ಬಿದ್ದ. ಅದನ್ನು ಎಲ್ಲರೂ ಬಲ್ಲರು.

ಇನ್ನು ಮೀರ್ ಸಾದಿಕ್. ಸಂಬಳ ಹಂಚುವ ನೆಪದಲ್ಲಿ ಸಿಪಾಯಿಗಳನ್ನು ಕಂಡಿಯಿಂದ ದೂರ ಕರೆಸಿದನೆಂಬುದು ಅವನ ಮೇಲಿನ ಆಪಾದನೆ. ಇರಬಹುದು. ಮೈಸೂರಿನ ಸಿಪಾಯಿಗಳೇ ಅವನನ್ನು ಅಂದೇ ಕೊಂದರು. ಆದರೆ ಅವನೊಬ್ಬನ ಮೇಲೆ ಎಲ್ಲವನ್ನೂ ಹೊರಿಸುವವರು ಟಿಪ್ಪುವಿಗೆ ಗೌರವ ಕೊಡುತ್ತಿದ್ದೇವೆಂದು ತಿಳಿದಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಟಿಪ್ಪು ಹೂಡಿದ ಆಟ ಹೊತ್ತಿನದು: ಮಳೆಗಾಲದವರೆಗೆ ತಳ್ಳಿದರೆ ಹೊಳೆಯೇ ಕಾಯುತ್ತದೆ. ಅದು ಜಾಣ ಆಟ, ಒಮ್ಮೆ ಗೆದ್ದಿದ್ದ ಆಟ. ಸೋತದ್ದು ಒಂದು ದಾಟುವ ಜಾಗವನ್ನು ತಪ್ಪಾಗಿ ಊಹಿಸಿದ್ದಕ್ಕೆ. ದ್ರೋಹಿಯ ಕಥೆ ಹೇಳಿದಾಗ ಈ ಜಾಣತನವೂ ಮರೆಯಾಗುತ್ತದೆ, ಈ ತಪ್ಪೂ ಮರೆಯಾಗುತ್ತದೆ.

ಮರುದಿನ ಸಂಜೆ ಟಿಪ್ಪುವನ್ನು ಗುಂಬಜ್‌ನಲ್ಲಿ ಮಣ್ಣು ಮಾಡಿದ ಹೊತ್ತಿಗೆ ಗುಡುಗು ಸಿಡಿಲಿನ ಮಳೆ ಹೊಡೆಯಿತು. ಸಿಡಿಲು ಬಡಿದು ಇಂಗ್ಲಿಷರ ಪಾಳಯದಲ್ಲಿ ಜನ ಸತ್ತರು.

ಎತ್ತಿನ ಮಾತು ಬಿಟ್ಟೆ. ಒಡೆಯರ ಕಾಲದ ಅರಮನೆಯ ದನಗಳ ಇಲಾಖೆ ಬೆಣ್ಣೆ ಚಾವಡಿಯನ್ನು ಅಮೃತ ಮಹಲ್ ಎಂದು ಹೆಸರಿಟ್ಟು ಬೆಳೆಸಿದವನು ಟಿಪ್ಪು. ತೋಪು ಎಳೆಯುವುದರಲ್ಲಿ ಆ ಎತ್ತುಗಳಿಗೆ ಸಾಟಿಯಿರಲಿಲ್ಲ. ಪಟ್ಟಣ ಬಿದ್ದ ಮೇಲೆ ಅವೂ ಇಂಗ್ಲಿಷರ ಕೈಗೆ ಹೋದವು. ನಾಲ್ಕು ವರ್ಷದ ನಂತರ ಆರ್ಥರ್ ವೆಲ್ಲೆಸ್ಲಿ ಮರಾಠರ ಮೇಲೆ ದಂಡೆತ್ತಿ ಹೋದಾಗ ಅವನ ತೋಪುಗಳಿಗೆ ಹೆಗಲು ಕೊಟ್ಟದ್ದು ಅವೇ ಮೈಸೂರಿನ ಎತ್ತುಗಳು.