ಪ್ಲಾಸ್ಟಿಕ್ ಬೆರೆಸಿದ ರಸ್ತೆ ಬಿಸಿಲಿಗೆ ಕರಗುವುದಿಲ್ಲ

‘ಪ್ಲಾಸ್ಟಿಕ್ ರಸ್ತೆಯಲ್ಲಿ ಡಾಂಬರಿನ ಬದಲು ಕಸ ಸುರಿಯುತ್ತಾರೆ, ಬಿಸಿಲಿಗೆ ಕರಗಿ ಮಳೆಗೆ ಕಿತ್ತುಹೋಗುತ್ತದೆ’ ಎಂಬ ಸಂದೇಶ ಉಡುಪಿಯಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಇದು ತಪ್ಪು. ಡಾಂಬರು ಇದ್ದೇ ಇರುತ್ತದೆ. ಸೇರಿಸುವ ಪ್ಲಾಸ್ಟಿಕ್ ಅದರ ತೂಕದ ಶೇ 6ರಿಂದ 8ರಷ್ಟು ಮಾತ್ರ. ತಮಿಳುನಾಡಿನ ಮದುರೆಯ ಪ್ರಾಧ್ಯಾಪಕ ರಾಜಗೋಪಾಲನ್ ವಾಸುದೇವನ್ ರೂಪಿಸಿದ ವಿಧಾನದಲ್ಲಿ, ಚೂರು ಮಾಡಿದ ಪ್ಲಾಸ್ಟಿಕ್ ತೊಟ್ಟೆಗಳನ್ನು ಸುಮಾರು 160 ಡಿಗ್ರಿಗೆ ಕಾದ ಜಲ್ಲಿಯ ಮೇಲೆ ಹಾಕುತ್ತಾರೆ. ಕರಗಿದ ಪ್ಲಾಸ್ಟಿಕ್ ಕಲ್ಲಿಗೆ ತೆಳುವಾಗಿ ಹತ್ತಿಕೊಂಡ ಮೇಲೆ ಡಾಂಬರು ಬೆರೆಸುತ್ತಾರೆ. ಯಾವ ಬಿಸಿಲೂ ರಸ್ತೆಯನ್ನು ಅಷ್ಟು ಕಾಯಿಸುವುದಿಲ್ಲ. ನಮ್ಮ ಕರಾವಳಿಯ ಮಳೆಗಾಲದಲ್ಲಿ ನೀರು ಕಲ್ಲಿಗೂ ಡಾಂಬರಿಗೂ ನಡುವೆ ನುಗ್ಗಿ ಗುಂಡಿಯಾಗುತ್ತದೆ. ಆ ಲೇಪ ತಡೆಯುವುದು ಅದನ್ನೇ. ಪೈಪುಗಳಿಗೆ ಬಳಸುವ ಪಿವಿಸಿ ಎಂಬ ಪ್ಲಾಸ್ಟಿಕ್ ಮಾತ್ರ ಸಲ್ಲದು, ಕಾಯಿಸಿದರೆ ವಿಷಾನಿಲ ಹೊರಡುತ್ತದೆ. ಇನ್ನು, ಚರಂಡಿಯಿಲ್ಲದ ರಸ್ತೆ ಏನು ಬೆರೆಸಿದರೂ ಬಾಳುವುದಿಲ್ಲ. ದಯವಿಟ್ಟು ‘ಚರಂಡಿ ಎಲ್ಲಿ?’ ಎಂಬ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿ.