ಸೋಮವಾರ ಬೆಳಗ್ಗೆ ಕಟ್ಟೆ ಮೇಲೆ ಕೂತಿರೋ ಮಗು

ಮಕ್ಕಳನ್ನು ನೋಡಿಕೊಳ್ಳದ ತಂದೆತಾಯಿಯನ್ನು ಜೈಲಿಗೆ ಹಾಕಬೇಕು ಅಂತ ಬರೆದಿದ್ದೀರಿ. ನಿಮ್ಮ ಸಿಟ್ಟು ಅರ್ಥವಾಗುತ್ತೆ ಸರ್. ಕಾನೂನೂ ಇದೆ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಪ್ರಕಾರ 3 ವರ್ಷದವರೆಗೆ ಶಿಕ್ಷೆ ಆಗಬಹುದು. ಆದರೆ ಆಮೇಲೆ ಆ ಮಗುಗೆ ಅನ್ನ ಹಾಕೋರು ಯಾರು?

ಶಿಡ್ಲಘಟ್ಟ ತಾಲೂಕಿನಲ್ಲಿ ಅಂಗನವಾಡಿ ನಡೆಸ್ತೀನಿ. ನಾಲ್ಕು ವರ್ಷದ ಒಂದು ಹುಡುಗಿ, ಸೋಮವಾರ ಮಾತ್ರ ನಾನು ಬೀಗ ತೆಗೆಯೋಕೆ ಮುಂಚೆಯೇ ಕಟ್ಟೆ ಮೇಲೆ ಕೂತಿರೋಳು. ಭಾನುವಾರ ಅಂಗನವಾಡಿ ಇರಲ್ಲ, ಮನೇಲಿ ಒಲೆ ಹಚ್ಚಿರಲ್ಲ. ತಟ್ಟೆ ಇಟ್ಟರೆ ಅರ್ಧ ತಿಂದು, ಉಳಿದದ್ದನ್ನ ಲಂಗದ ತುದಿಯಲ್ಲಿ ಕಟ್ಟಿಕೊಳ್ಳೋಳು. ತಮ್ಮನಿಗಂತೆ. ಕಿವಿ ತಿಂಗಳುಗಟ್ಟಲೆ ಸೋರ್ತಿತ್ತು, ಮನೆಯವರು ಯಾರೂ ನೋಡಿರಲಿಲ್ಲ. ಮೈ ಮೇಲೆ ಒಂದು ಬಾಸುಂಡೆನೂ ಇರಲಿಲ್ಲ, ಅದಕ್ಕೇ ಊರಲ್ಲಿ ಯಾರಿಗೂ ಇದು ತಪ್ಪು ಅನ್ನಿಸಲಿಲ್ಲ.

ಅಮ್ಮ ಕೆಟ್ಟವಳಲ್ಲ. ರೇಷ್ಮೆ ನೂಲು ತೆಗೆಯೋ ಕೆಲಸ, ಬಿಸಿನೀರಲ್ಲಿ ಬೆರಳೆಲ್ಲ ಬೆಂದು ಬೆಳ್ಳಗಾಗಿದ್ವು. ಎರಡನೇ ಬಾಣಂತನ ಆದಮೇಲೆ ಮಂಕಾಗಿಬಿಟ್ಟಿದ್ಲು, ಗಂಡ ಕುಡಿತಿದ್ದ. ನಾನೂ ಆಶಾ ಅಕ್ಕನೂ ವಾರಕ್ಕೆರಡು ಸಲ ಹೋಗಿ ಕೂತ್ವಿ. ತಾಲೂಕು ಆಸ್ಪತ್ರೆಯಲ್ಲಿ ಮಾನಸಿಕ ತಜ್ಞರಿಗೆ ತೋರಿಸಿದ್ವಿ, ಮಾತ್ರೆ ಶುರುವಾಯ್ತು. ಅವಳು ಚೇತರಿಸಿಕೊಳ್ಳೋಕೆ ಹಾಗೆ ಎಂಟು ತಿಂಗಳು ಹಿಡೀತು. ಒಂದು ಸಲ ಬುದ್ಧಿ ಹೇಳಿ ಬರೋದರಿಂದ ಆಗೋ ಕೆಲಸ ಅಲ್ಲ ಇದು.

ಇಂಥ ಮನೆ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಪೊಲೀಸರೇ ಬರ್ತಾರೆ ಅಂತ ಹೆದರಬೇಡಿ. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣೆ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಅರ್ಹ ಮಕ್ಕಳಿಗೆ ತಿಂಗಳಿಗೆ 4000 ರೂಪಾಯಿ ಪ್ರಾಯೋಜಕತ್ವ, ಅಂದ್ರೆ ಸಾಕೋ ಖರ್ಚಿಗೆ ಸಹಾಯಧನ, ಸಿಗುತ್ತೆ, ಮಗು ಮನೇಲೇ ಉಳಿಯುತ್ತೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ.